ನೀರಿಗೆ ಬೇಲಿ: ಹುಣಸೂರು ಉಪವಿಭಾಗದಲ್ಲಿ ಈಜುಕೊಳ, ಕೃಷಿ ಹೊಂಡಗಳ ಸುರಕ್ಷತಾ ತಪಾಸಣೆ

ಮನೆಯಂಗಳ, ತೋಟ ಅಥವಾ ಜಮೀನಿನಲ್ಲಿ ನಿಂತ ನೀರಿನ ಸುತ್ತ ಚಿಕ್ಕ ಮಕ್ಕಳು ದಾಟಲಾಗದಂಥ ತಡೆ ಇದೆಯೇ, ಇದ್ದರೆ ಅದು ಇವತ್ತಿಗೂ ಗಟ್ಟಿಯಾಗಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುವ ಕೆಲಸವೇ ಈ ತಪಾಸಣೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ಮನೆಯ ಈಜುಕೊಳಕ್ಕೆ ಸಂಬಂಧಿಸಿದ ಕಾನೂನಿನ ಕಟ್ಟಳೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಮನೆಗೊಂದು ಈಜುಕೊಳ ಇಲ್ಲ. ಅಲ್ಲಿ ಇರುವುದು ಹೊಲಕ್ಕೊಂದು ಕೃಷಿ ಹೊಂಡ, ಮನೆಗೊಂದು ಸಂಪು, ಶುಂಠಿ ಜಮೀನಿನ ನೀರಿನ ಗುಂಡಿ, ಕೈಬಿಟ್ಟ ಕೊಳವೆಬಾವಿ. ಜೊತೆಗೆ ಕಬಿನಿ ಹಿನ್ನೀರಿನ ಬದಿಯ ರೆಸಾರ್ಟ್‌ಗಳಲ್ಲಿ, ನಾಗರಹೊಳೆ ಕಾಡಂಚಿನ ಹೋಂಸ್ಟೇ ಮತ್ತು ತೋಟದ ಮನೆಗಳಲ್ಲಿ ಈಜುಕೊಳಗಳೂ ಇವೆ. ಹೆಸರು ಬೇರೆಯಾದರೂ ಅಪಾಯ ಒಂದೇ. ಆಗತಾನೇ ನಡೆಯಲು ಕಲಿತ ಮಗುವಿಗೂ ನೀರಿಗೂ ನಡುವೆ ಅಡ್ಡ ಏನಿದೆ ಎಂಬುದೇ ಇಲ್ಲಿನ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ನೇ ಸಾಲಿಗೆ ಕೊಟ್ಟ ಸಂಖ್ಯೆ 38 ಸಾವಿರಕ್ಕೂ ಹೆಚ್ಚು. ಮುಳುಗುವಿಕೆಯನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪಾಯಗಳಲ್ಲಿ ನೀರಿಗೆ ತಡೆ ಕಟ್ಟುವುದೂ ಒಂದು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಹೊರತಂದ ಮುಳುಗುವಿಕೆ ತಡೆಯ ಕಾರ್ಯತಂತ್ರದ ಚೌಕಟ್ಟೂ ಇದೇ ದಾರಿಯಲ್ಲಿದೆ.

ನಮ್ಮ ಹಿಂದಿನವರಿಗೆ ಇದು ತಿಳಿಯದ ವಿಷಯವೇನಲ್ಲ. ಸೇದುವ ಬಾವಿಗೆ ಸೊಂಟದೆತ್ತರದ ಕಟ್ಟೆ ಕಟ್ಟದೆ ಬಾವಿ ಮುಗಿಯಿತು ಎನ್ನುತ್ತಿರಲಿಲ್ಲ. ಕಲ್ಯಾಣಿಗೆ ಮೆಟ್ಟಿಲಿತ್ತು. ಕೆರೆಯ ದಡ ಓರೆಯಾಗಿ, ಆಳ ಮೆಲ್ಲಮೆಲ್ಲನೆ ಬರುತ್ತಿತ್ತು. ಕಾಲು ಜಾರಿದವರು ಹುಲ್ಲನ್ನೋ ಬೇರನ್ನೋ ಹಿಡಿದು ಮೇಲೆ ಬರುವ ಆಸೆಯಿತ್ತು. ಜೆಸಿಬಿ ಬಂದ ಮೇಲೆ ಒಂದೇ ದಿನದಲ್ಲಿ ಹತ್ತು ಅಡಿ ಆಳದ ಗುಂಡಿ ತೋಡಬಹುದಾಯಿತು. ಕಟ್ಟೆ, ಮೆಟ್ಟಿಲುಗಳು ಮಾತ್ರ ಅದರ ಜೊತೆಗೆ ಬರಲಿಲ್ಲ.

ಈಜುಕೊಳದ ಬೇಲಿ: ಹೊರದೇಶದ ಅಳತೆಗಳು

ಮನೆಯ ಈಜುಕೊಳಕ್ಕೆ ಬೇಲಿ ಕಡ್ಡಾಯ ಎಂಬ ಕಾನೂನನ್ನು ನ್ಯೂಜಿಲೆಂಡ್ 1987ರಲ್ಲಿ ತಂದಿತು. 2016ರಲ್ಲಿ ಅದನ್ನು ಕಟ್ಟಡ ಕಾನೂನಿನೊಳಗೆ ಸೇರಿಸಿ, 3 ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂದು ವಿಧಿಸಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಈಜುಕೊಳ ಕಾಯ್ದೆ 1992ರದು. ಅಲ್ಲಿ 2016ರ ಏಪ್ರಿಲ್ 29ರಿಂದ ಈಜುಕೊಳವಿರುವ ಮನೆಯನ್ನು ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ಕೊಳದ ಬೇಲಿಯ ಪ್ರಮಾಣಪತ್ರದ ವಿಷಯ ಕಾಗದಪತ್ರದ ಭಾಗವಾಯಿತು. ಪ್ರಮಾಣಪತ್ರದ ಆಯಸ್ಸು 3 ವರ್ಷ. ವಿಕ್ಟೋರಿಯಾ ರಾಜ್ಯ 2019ರ ಡಿಸೆಂಬರ್ 1ರಿಂದ ಕೊಳಗಳ ನೋಂದಣಿಯನ್ನೂ 4 ವರ್ಷಕ್ಕೊಮ್ಮೆ ತಪಾಸಣೆಯನ್ನೂ ಕಡ್ಡಾಯ ಮಾಡಿತು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳಿಗೆ ಇದು ಹೊಸ ವಿಷಯವಲ್ಲ; ಅಲ್ಲಿ ಹಿತ್ತಿಲಲ್ಲಿ ಕೊಳವಿರುವ ಮನೆ ಹಿಡಿಯುವಾಗ ಬೇಲಿಯ ಕಾಗದ ಕೇಳಿ ನೋಡುವುದು ರೂಢಿ. ಫ್ರಾನ್ಸ್ 2003ರ ಕಾನೂನಿನಲ್ಲಿ ಬೇಲಿ, ಗಟ್ಟಿ ಹೊದಿಕೆ, ಎಚ್ಚರಿಕೆಯ ಅಲಾರಂ, ಚಾವಣಿ ಇವುಗಳಲ್ಲಿ ಯಾವುದಾದರೂ ಒಂದು ಸಾಕು ಎಂದಿತು.

ಆಸ್ಟ್ರೇಲಿಯಾದ ಮಾನದಂಡದ ಅಳತೆಗಳನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಒಂದೊಂದು ಅಳತೆಯ ಹಿಂದೆಯೂ ಮಗುವಿನ ಮೈಕಟ್ಟಿನ ಲೆಕ್ಕವಿದೆ. ಒಂದಡಿ, ಅಂದರೆ 300 ಮಿಲಿಮೀಟರಿಗಿಂತ ಹೆಚ್ಚು ನೀರು ನಿಲ್ಲುವ ಕೊಳಕ್ಕೆಲ್ಲ ಬೇಲಿ ಬೇಕು. ಬೇಲಿಯ ಎತ್ತರ ಕನಿಷ್ಠ 1.2 ಮೀಟರ್, ಸುಮಾರು 4 ಅಡಿ. ಕಂಬಿಗಳ ನಡುವಿನ ಸಂದು 100 ಮಿಲಿಮೀಟರ್ ಮೀರಬಾರದು. ಬೇಲಿಯ ಅಡಿಯಲ್ಲೂ ಅಷ್ಟೇ. ಸುಲಿದ ತೆಂಗಿನಕಾಯಿಯ ದಪ್ಪ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಕಾಯಿ ನುಸುಳುವ ಸಂದಿನಲ್ಲಿ ಕೂಸಿನ ಮೈ ನುಸುಳೀತು ಎಂದು ನೆನಪಿಟ್ಟುಕೊಂಡರೆ ಅಳತೆ ಮರೆಯುವುದಿಲ್ಲ. ಗೇಟು ನೀರಿನ ಕಡೆಗಲ್ಲ, ಹೊರಕ್ಕೆ ತೆರೆಯಬೇಕು. ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚಿ, ತಾನಾಗಿ ಚಿಲಕ ಬೀಳಬೇಕು. ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು, ಇಲ್ಲವೇ ಮಗುವಿನ ಕೈಗೆ ಎಟುಕದಂತೆ ಮರೆಯಾಗಿರಬೇಕು. ಬೇಲಿಯ ಹತ್ತಿರ 900 ಮಿಲಿಮೀಟರ್ ವ್ಯಾಪ್ತಿಯಲ್ಲಿ ಕಾಲಿಟ್ಟು ಹತ್ತಲು ಆಸರೆಯಾಗುವ ಕುರ್ಚಿ, ಕುಂಡ, ಕೊಂಬೆ, ಮೋಟರ್ ಪೆಟ್ಟಿಗೆ ಯಾವುದೂ ಇರಬಾರದು.

ಜಾಲರಿಯ ಬಗ್ಗೆ ಅಲ್ಲಿನ ನಿಯಮ ನಮ್ಮ ಕಡೆಯವರು ಗಮನಿಸಬೇಕಾದದ್ದು. ಕಣ್ಣು 13 ಮಿಲಿಮೀಟರಿಗಿಂತ ದೊಡ್ಡದಿರುವ ಜಾಲರಿಯಾದರೆ 1.2 ಮೀಟರ್ ಎತ್ತರ ಸಾಲದು, 1.8 ಮೀಟರ್ ಬೇಕು. ದೊಡ್ಡ ಕಣ್ಣಿನಲ್ಲಿ ಮಗುವಿನ ಕಾಲ್ಬೆರಳು ಸಿಕ್ಕುತ್ತದೆ, ಬೆರಳು ಸಿಕ್ಕಿದರೆ ಜಾಲರಿಯೇ ಏಣಿ. ಮೈಸೂರು ಸೀಮೆಯಲ್ಲಿ ಹೊಂಡಕ್ಕೂ ತೋಟಕ್ಕೂ ಎಳೆಯುವುದು ಇಂಥ ದೊಡ್ಡ ಕಣ್ಣಿನ ಚೈನ್‌ಲಿಂಕ್ ಜಾಲರಿಯನ್ನೇ.

ಹುಣಸೂರಿನ ಕಚೇರಿ, ಹಳೆಯ ಕಲಂ

ಕರ್ನಾಟಕದಲ್ಲಿ ಖಾಸಗಿ ಮನೆಯ ಈಜುಕೊಳದ ಬೇಲಿಯನ್ನೇ ಪ್ರತ್ಯೇಕವಾಗಿ ನೋಡಿ ಪ್ರಮಾಣಪತ್ರ ಕೊಡುವ ಪದ್ಧತಿ ಇಲ್ಲ. ಹಾಗೆಂದು ನೀರಿಗೆ ಬೇಲಿ ಹಾಕಿಸುವ ಅಧಿಕಾರವೇ ಇಲ್ಲ ಎಂದುಕೊಳ್ಳುವುದು ತಪ್ಪು. ಆ ಅಧಿಕಾರ ಬ್ರಿಟಿಷರ ಕಾಲದಿಂದಲೂ ಇದೆ. 1898ರ ಅಪರಾಧ ಪ್ರಕ್ರಿಯಾ ಸಂಹಿತೆಯ 133ನೇ ಕಲಂನಲ್ಲಿದ್ದ ಮಾತು 1973ರ ಸಂಹಿತೆಯಲ್ಲೂ ಅದೇ ಸಂಖ್ಯೆಯಡಿ ಉಳಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಕಲಂ. ದಾರಿಗೆ ಅಥವಾ ಸಾರ್ವಜನಿಕ ಜಾಗಕ್ಕೆ ಹೊಂದಿಕೊಂಡ ಕೆರೆಕಟ್ಟೆ, ಬಾವಿ ಅಥವಾ ಅಗೆದ ಗುಂಡಿಯಿಂದ ಜನರಿಗೆ ಅಪಾಯವಾಗದಂತೆ ಬೇಲಿ ಹಾಕಬೇಕೆಂದು ಅದರ ಒಡೆಯನಿಗೆ, ಅಥವಾ ಅದು ಯಾರ ಸ್ವಾಧೀನದಲ್ಲಿದೆಯೋ ಅವರಿಗೆ, ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಈ ಮ್ಯಾಜಿಸ್ಟ್ರೇಟರು ಕೋರ್ಟಿನ ನ್ಯಾಯಾಧೀಶರಲ್ಲ, ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎ.ಸಿ. ಸಾಹೇಬರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳೂ ಅವುಗಳಿಂದ ಒಡೆದು ಹೊಸದಾಗಿ ಆದ ಸಾಲಿಗ್ರಾಮ, ಸರಗೂರು ತಾಲ್ಲೂಕುಗಳೂ ಒಂದೇ ಉಪವಿಭಾಗಕ್ಕೆ ಸೇರಿದವು. ಅದರ ಕೇಂದ್ರ ಹುಣಸೂರು.

ಕ್ರಮ ಹೀಗೆ. ಪೊಲೀಸರ ವರದಿಯಿಂದಲೋ ಬೇರೆ ಮಾಹಿತಿಯಿಂದಲೋ ವಿಷಯ ತಿಳಿದ ಮೇಲೆ, ತಮಗೆ ಬೇಕೆನಿಸಿದ ಸಾಕ್ಷ್ಯ ಪಡೆದು, ಇಷ್ಟು ದಿನದೊಳಗೆ ಬೇಲಿ ಹಾಕಿ, ಇಲ್ಲವೇ ನನ್ನ ಮುಂದೆ ಬಂದು ಆಕ್ಷೇಪಣೆ ಹೇಳಿ ಎಂದು ಎ.ಸಿ. ಷರತ್ತಿನ ಆದೇಶ ಹೊರಡಿಸುತ್ತಾರೆ. ಆಕ್ಷೇಪಣೆಯಲ್ಲಿ ಹುರುಳಿಲ್ಲದಿದ್ದರೆ ಆದೇಶ ಖಾಯಂ ಆಗುತ್ತದೆ. ಅದನ್ನೂ ಮೀರಿದರೆ ಕೆಲಸವನ್ನು ಸರ್ಕಾರವೇ ಮಾಡಿಸಿ ಖರ್ಚು ವಸೂಲು ಮಾಡಬಹುದು. ಕ್ರಮಬದ್ಧವಾಗಿ ಹೊರಟ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಇದೇ 133ನೇ ಕಲಂ ಹಿಡಿದು 1980ರಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ರತ್ಲಾಮ್ ಪುರಸಭೆಗೆ ಚರಂಡಿ, ಶೌಚಾಲಯ ಕಟ್ಟಿಸಲೇಬೇಕೆಂದು ಹೇಳಿದ್ದು, ದುಡ್ಡಿಲ್ಲ ಎಂಬ ನೆಪ ನಡೆಯದು ಎಂದದ್ದು. ಆ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಊರಿನ ಚರಂಡಿಗೆ ಅಷ್ಟು ಬಲವಾಗಿ ನಿಂತ ಕಲಂ, ಅಂಗನವಾಡಿಗೆ ಹೋಗುವ ದಾರಿಯ ಪಕ್ಕದ ಹೊಂಡಕ್ಕೂ ನಿಲ್ಲಬಲ್ಲದು.

ಇದರ ಮಿತಿಯೂ ಸ್ಪಷ್ಟವಾಗಿದೆ. ಗುಂಡಿ ದಾರಿಗೋ ಸಾರ್ವಜನಿಕ ಜಾಗಕ್ಕೋ ತಾಗಿಕೊಂಡಿರಬೇಕು. ಕಾಂಪೌಂಡಿನ ಒಳಗಿನ ಈಜುಕೊಳ, ಜಮೀನಿನ ನಟ್ಟನಡುವಿನ ಹೊಂಡ ಇದರ ಕೈಗೆ ಸುಲಭವಾಗಿ ಸಿಗವು. ಸಾವಾದ ಮೇಲೆ ಅನ್ವಯಿಸುವುದು ಬೇರೆ ಕಾನೂನು: ಮೊದಲು ಅಸಹಜ ಸಾವಿನ ಪ್ರಕರಣ, ಅಲಕ್ಷ್ಯ ಕಂಡರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದವರೆಗೆ ಜೈಲು. ತಪಾಸಣೆ ಇರಬೇಕಾದದ್ದು ಈ ಎರಡರ ನಡುವಿನ ಖಾಲಿ ಜಾಗದಲ್ಲಿ, ಸಾವಿಗೆ ಮೊದಲು, ಬೇಲಿಯ ಒಳಗೂ ಹೊರಗೂ.

ಕೃಷಿ ಹೊಂಡ

ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭಿಸಿತು. ಮಳೆಯಾಶ್ರಿತ ಜಮೀನಿನಲ್ಲಿ ಹರಿದು ಹೋಗುವ ನೀರನ್ನು ಹಿಡಿದಿಟ್ಟು, ಮಳೆ ಕೈಕೊಟ್ಟಾಗ ಬೆಳೆ ಉಳಿಸಿಕೊಳ್ಳುವುದು ಅದರ ಗುರಿ. ಸಾಮಾನ್ಯ ವರ್ಗದ ರೈತರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ನಡುವೆ ನಿಂತಿದ್ದ ಯೋಜನೆಗೆ 2023-24ರಲ್ಲಿ ಮತ್ತೆ ಚಾಲನೆ ಸಿಕ್ಕಿತು. ಆಗ ಕ್ಷೇತ್ರ ಬದು, ಹೊಂಡ, ಪಾಲಿಥಿನ್ ಹೊದಿಕೆ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿಯ ಜೊತೆಗೆ ಹೊಂಡದ ಸುತ್ತ ತಂತಿ ಬೇಲಿಯೂ ಪಟ್ಟಿಯಲ್ಲಿತ್ತು. ಬೇಲಿ ಕಾಗದಕ್ಕೆ ಬಂದದ್ದು ದೊಡ್ಡ ಹೆಜ್ಜೆಯೇ.

ಹೊಂಡದ ಅಳತೆಗಳು 10 ಮೀಟರ್ ಉದ್ದಗಲದಿಂದ ಹಿಡಿದು 12, 15, 18, 21 ಮೀಟರ್‌ವರೆಗೆ. ಆಳ 3 ಮೀಟರ್. ಬದಿಯ ಇಳಿಜಾರು ಒಂದಕ್ಕೊಂದು ಎಂದು ಹಿಡಿದರೆ ಅತಿ ಚಿಕ್ಕ ಹೊಂಡದಲ್ಲೂ ಸುಮಾರು 1 ಲಕ್ಷ 56 ಸಾವಿರ ಲೀಟರ್ ನೀರು ನಿಲ್ಲುತ್ತದೆ, ಅತಿ ದೊಡ್ಡದರಲ್ಲಿ ಹತ್ತಿರಹತ್ತಿರ 10 ಲಕ್ಷ ಲೀಟರ್. ಹೋಲಿಕೆಗೆ, 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಮನೆಯ ಈಜುಕೊಳ ಹಿಡಿಯುವುದು 38 ಸಾವಿರ ಲೀಟರ್ ಚಿಲ್ಲರೆ. ಸಿಡ್ನಿಯಲ್ಲಿ ಪ್ರಮಾಣಪತ್ರವಿಲ್ಲದೆ ಮಾರಲಾಗದ ಕೊಳದ ನಾಲ್ಕು ಪಟ್ಟು ನೀರು ಪಿರಿಯಾಪಟ್ಟಣದ ಸಣ್ಣ ಹಿಡುವಳಿದಾರನ ಹೊಲದಲ್ಲಿ ನಿಂತಿರುತ್ತದೆ, ಆಳವೂ ಎರಡೂವರೆ ಪಟ್ಟು.

ಆಳಕ್ಕಿಂತ ಕೆಟ್ಟದ್ದು ಹೊಂಡದ ಒಳಮೈ. ನೀರು ಇಂಗದಿರಲೆಂದು ಹಾಸುವ ಪಾಲಿಥಿನ್ ಹಾಳೆಗೆ ರೈತರು ಟಾರ್ಪಲ್ ಎನ್ನುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ತೆಳುವಾದ ಪಾಚಿ ಕಟ್ಟುತ್ತದೆ. ಅದರ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದರೆ ಸೋಪು ಹಚ್ಚಿದ ತಟ್ಟೆಯಂತೆ ಕೈ ಕೆಳಕ್ಕೆ ಜಾರುತ್ತದೆ. 45 ಡಿಗ್ರಿಯ ಇಳಿಜಾರಿನಲ್ಲಿ, ಒದ್ದೆ ಬಟ್ಟೆಯ ಭಾರದಲ್ಲಿ, ಈಜು ಬಲ್ಲ ಗಟ್ಟಿಮುಟ್ಟಾದ ಆಳಿಗೂ ಹತ್ತಿ ಬರಲಾಗದು. ಉಗುರಿಗೆ ಹಿಡಿತವಿಲ್ಲ, ಕಾಲಿಗೆ ಮೆಟ್ಟಿಲಿಲ್ಲ. ಕೈಕಾಲು ತೊಳೆಯಲು, ಬಿಂದಿಗೆ ಮುಳುಗಿಸಲು, ಕುರಿಗೆ ನೀರು ಕುಡಿಸಲು ಇಳಿದ ಒಬ್ಬರು ಜಾರಿದರೆ, ಅವರನ್ನು ಎಳೆಯಲು ಹೋದವರೂ ಅದೇ ಹಾಳೆಯ ಮೇಲೆ ಜಾರುತ್ತಾರೆ. ಹೊಂಡದ ದುರಂತಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋಗುವುದಕ್ಕೆ ಕಾರಣ ಇದೇ. ಆದ್ದರಿಂದ ಹೊಂಡದ ತಡೆ ಎಂದರೆ ಬೇಲಿ ಒಂದೇ ಅಲ್ಲ. ಒಳಗೆ ಬಿದ್ದವರು ಹಿಡಿದು ಹತ್ತಲು ಗಂಟು ಹಾಕಿದ ಹಗ್ಗ ನಾಲ್ಕೂ ಬದಿಯಿಂದ ನೀರಿನವರೆಗೆ ಇಳಿಬಿದ್ದಿರಬೇಕು. ಹಳೆಯ ಟೈರುಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ಇಳಿಬಿಟ್ಟರೆ ಅದಕ್ಕಿಂತ ಒಳ್ಳೆಯದು. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೊಂದು ಕಂಬಕ್ಕೆ ನೇತಾಡುತ್ತಿರಬೇಕು. ಇದಕ್ಕೆಲ್ಲ ತಗಲುವ ಖರ್ಚು ಹೊಂಡದ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು.

ಬೇಲಿಯನ್ನು ಹತ್ತಿರದಿಂದ ನೋಡಿದರೆ ಅದು ಎಲ್ಲಿ ಸೋಲುತ್ತದೆ ಎಂಬುದು ಕಾಣುತ್ತದೆ. ಕಲ್ಲುಕಂಬ ನೆಟ್ಟಗಿರುತ್ತದೆ, ಜಾಲರಿಯೂ ಇರುತ್ತದೆ. ಆದರೆ ಹೊಂಡ ತೋಡಿದ ಮಣ್ಣನ್ನು ಸುತ್ತ ಏರಿಯಾಗಿ ಹಾಕಿರುತ್ತಾರೆ. ಮಳೆಗೆ ಆ ಮಣ್ಣು ಕೊಚ್ಚಿಹೋಗಿ ಜಾಲರಿಯ ಅಡಿಯಲ್ಲಿ ನಾಯಿ ನುಸುಳುವಷ್ಟು ಕಂಡಿ ಬಿದ್ದಿರುತ್ತದೆ. ಪಂಪಿನ ಪೈಪು ಹಾಯಿಸಲು ಒಂದು ಮೂಲೆಯಲ್ಲಿ ಜಾಲರಿ ಕತ್ತರಿಸಿರುತ್ತಾರೆ. ಗೇಟಿನ ಜಾಗದಲ್ಲಿ ಗೇಟಿರುವುದಿಲ್ಲ. ಜಾಲರಿಯ ತುದಿಯನ್ನೇ ಮಡಿಸಿ ಕಂಬಕ್ಕೆ ಬೈಂಡಿಂಗ್ ತಂತಿಯಲ್ಲಿ ಸುತ್ತಿರುತ್ತಾರೆ. ದಿನಕ್ಕೆರಡು ಸಲ ಮೋಟರ್ ಹಾಕಲು ಬರುವವರು ಆ ತಂತಿಯನ್ನು ಎಷ್ಟು ದಿನ ಬಿಚ್ಚಿ ಕಟ್ಟಿಯಾರು? ತಿಂಗಳೊಳಗೆ ಅದು ತೆರೆದೇ ಉಳಿಯುತ್ತದೆ. ರೈತರನ್ನು ಇದಕ್ಕೆ ದೂರಿ ಫಲವಿಲ್ಲ. ದಿನವೂ ಓಡಾಡುವ ದಾರಿಗೆ ಗೇಟಿಲ್ಲದ ಬೇಲಿಯನ್ನು ಯೋಜಿಸಿದ್ದೇ ತಪ್ಪು. ಸಹಾಯಧನ ಬಿಡುಗಡೆಗೆ ಮೊದಲು ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಬಂದು ಅಳತೆ ನೋಡಿ ಫೋಟೊ ತೆಗೆಯುತ್ತಾರೆ. ಆ ದಿನ ಬೇಲಿ ಹೊಸದು, ಮಣ್ಣು ಗಟ್ಟಿ. ಎರಡು ಮಳೆಗಾಲದ ಮೇಲೆ ಯಾರೂ ಬರುವುದಿಲ್ಲ. ನ್ಯೂ ಸೌತ್ ವೇಲ್ಸ್‌ನವರು ಪ್ರಮಾಣಪತ್ರಕ್ಕೆ 3 ವರ್ಷದ ಆಯಸ್ಸು ಇಟ್ಟದ್ದರ ಅರ್ಥ ಇಲ್ಲಿ ತಿಳಿಯುತ್ತದೆ: ಬೇಲಿ ಹಳತಾಗುತ್ತದೆ, ಆದ್ದರಿಂದ ತಪಾಸಣೆಯೂ ಹಳತಾಗಬೇಕು.

ಶುಂಠಿ ಜಮೀನಿನ ಕಥೆ ಇನ್ನೂ ತೊಡಕಿನದು. ಎಚ್.ಡಿ.ಕೋಟೆ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಕೇರಳದಿಂದ ಬಂದವರೂ ಸ್ಥಳೀಯರೂ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಹಾಕುತ್ತಾರೆ. ಕೊಳವೆಬಾವಿಯ ನೀರನ್ನು ದೊಡ್ಡ ಗುಂಡಿಗೆ ತುಂಬಿಸಿ ಅಲ್ಲಿಂದ ಸ್ಪ್ರಿಂಕ್ಲರ್‌ಗೆ ಎತ್ತುವುದು ರೂಢಿ. ಇದು ಸರ್ಕಾರಿ ಯೋಜನೆಯ ಹೊಂಡವಲ್ಲ, ಆದ್ದರಿಂದ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಬೆಳೆ ಕಿತ್ತ ಮೇಲೆ ಗುತ್ತಿಗೆದಾರ ಮೋಟರು, ಪೈಪು ಎತ್ತಿಕೊಂಡು ಹೋಗುತ್ತಾನೆ, ಗುಂಡಿ ಉಳಿಯುತ್ತದೆ. ಜಮೀನಿನ ಒಡೆಯ ಮೈಸೂರಿನಲ್ಲಿರಬಹುದು. ಕೂಲಿಗೆ ಬಂದ ಆದಿವಾಸಿ ಹಾಡಿಯ ಹೆಣ್ಣುಮಕ್ಕಳು ತಮ್ಮ ಮಕ್ಕಳನ್ನು ಬದುವಿನ ಮೇಲೆ ಕೂರಿಸಿ ಕೆಲಸ ಮಾಡುವುದು ಇಂಥ ಜಮೀನುಗಳಲ್ಲೇ. ಬೆಳೆ ಮುಗಿದ ಮೇಲೆ ಗುಂಡಿ ಮುಚ್ಚುವವರು ಯಾರು, ಇರುವಷ್ಟು ದಿನ ಬೇಲಿ ಯಾರದು ಎಂದು ಗುತ್ತಿಗೆ ಕರಾರಿನಲ್ಲೇ ಒಂದು ಸಾಲು ಬರೆಸುವುದು ಸದ್ಯಕ್ಕೆ ಜಮೀನುದಾರರ ಕೈಯಲ್ಲಿರುವ ಸುಲಭ ಉಪಾಯ.

ಇದು ಹೊಗೆಸೊಪ್ಪಿನ ಸೀಮೆಯೂ ಹೌದು, ಆ ಬೆಳೆಯ ಕಾಲಮಾನವನ್ನೂ ಇಲ್ಲಿ ನೆನೆಯಬೇಕು. ಬೇಸಿಗೆಯಲ್ಲಿ ಸಸಿಮಡಿಗೆ ದಿನವೂ ನೀರು ಬೇಕು. ನೀರು ಮನೆಯ ಹತ್ತಿರವೇ ಇರಲಿ ಎಂದು ಗುಂಡಿ, ತೊಟ್ಟಿಗಳನ್ನು ಹಿತ್ತಿಲ ಅಂಚಿನಲ್ಲೇ ಮಾಡಿಕೊಳ್ಳುತ್ತಾರೆ. ಅದೇ ಏಪ್ರಿಲ್-ಮೇ ಶಾಲೆಗೆ ರಜೆ. ದೊಡ್ಡವರೆಲ್ಲ ನಾಟಿಯ ಗಡಿಬಿಡಿಯಲ್ಲಿ, ಮಕ್ಕಳೆಲ್ಲ ಮನೆಯಲ್ಲಿ.

ಕೊಳವೆಬಾವಿ, ಸಂಪು, ನಾಲೆ

ತಪಾಸಣೆಯ ಅಳತೆಗಳು ಅತ್ಯಂತ ಸ್ಪಷ್ಟವಾಗಿರುವುದು ಕೊಳವೆಬಾವಿಯ ವಿಷಯದಲ್ಲಿ. ಸುಪ್ರೀಂ ಕೋರ್ಟು 2010ರ ಫೆಬ್ರುವರಿ 11ರಂದು ಕೊಟ್ಟು, ಅದೇ ಆಗಸ್ಟ್‌ನಲ್ಲಿ ತಿದ್ದಿದ ಮಾರ್ಗಸೂಚಿಯ ಪ್ರಕಾರ ಕೊರೆಸುವ 15 ದಿನ ಮೊದಲು ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು, ಕೆಲಸದ ಜಾಗಕ್ಕೆ ಬೇಲಿ ಹಾಕಬೇಕು, ಕೇಸಿಂಗ್ ಸುತ್ತ ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್ ಕಾಂಕ್ರೀಟ್ ಕಟ್ಟೆ ಕಟ್ಟಬೇಕು, ಬಾಯಿಗೆ ಬೆಸುಗೆ ಹಾಕಿದ ಇಲ್ಲವೇ ಬೋಲ್ಟು ಬಿಗಿದ ಮುಚ್ಚಳ ಇರಬೇಕು. ವಿಫಲವಾದ ಕೊಳವೆಯನ್ನು ತಳದಿಂದ ಬಾಯಿಯವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ರಾಜ್ಯದ ಅಂತರ್ಜಲ ಕಾಯ್ದೆ 2011ರದು. 2024ರಲ್ಲಿ ಅದಕ್ಕೆ ತಿದ್ದುಪಡಿ ತಂದು, ವಿಫಲ ಕೊಳವೆಬಾವಿ ಮುಚ್ಚದವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಸೇರಿಸಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಮೇಲೆತ್ತಿದ್ದನ್ನು ನಾಡೇ ಉಸಿರು ಬಿಗಿಹಿಡಿದು ನೋಡಿತ್ತು.

ಪಟ್ಟಣದ ಮನೆಗಳಲ್ಲಿ ಸಂಪಿನ ಮುಚ್ಚಳ ನೋಡಿದರೆ ಸಾಕು. ತಗಡಿನ ಮುಚ್ಚಳ ತುಕ್ಕು ತಿಂದಿದೆಯೇ, ಟ್ಯಾಂಕರ್ ಬಂದಾಗ ತೆಗೆದದ್ದನ್ನು ಮತ್ತೆ ಹಾಕಿದ್ದಾರೆಯೇ, ಬೀಗ ಇದೆಯೇ. ಹೊಸ ಮನೆ ಕಟ್ಟುವಾಗ ಮೊದಲು ಆಗುವುದೇ ಸಂಪು. ಕ್ಯೂರಿಂಗ್‌ಗೆಂದು ನೀರು ತುಂಬಿಸಿ ಹಲಗೆ ಅಡ್ಡ ಇಟ್ಟಿರುತ್ತಾರೆ, ಕಟ್ಟಡದ ಕೆಲಸದವರ ಮಕ್ಕಳು ಸುತ್ತಲೇ ಆಡುತ್ತಿರುತ್ತಾರೆ.

ನಾಲೆ, ನದಿಗಳು ಈ ಲೇಖನದ ವ್ಯಾಪ್ತಿಗೆ ಪೂರ್ತಿ ಬರವು. ಹಾರಂಗಿ ನಾಲೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರಗಳಲ್ಲಿ ಹಾಯುತ್ತದೆ, ಎಚ್.ಡಿ.ಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿವೆ. ಇವಕ್ಕೆಲ್ಲ ಬೇಲಿ ಆಗದ ಮಾತು. ಆದರೆ ರಸ್ತೆಯ ಬದಿಯ ನಾಲೆಗೆ ತಡೆಗೋಡೆ ಆಗದ ಮಾತಲ್ಲ. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತ ಜಾಗದಲ್ಲಿ ರಸ್ತೆಗೂ ನಾಲೆಗೂ ನಡುವೆ ತಡೆಗೋಡೆ ಇರಲಿಲ್ಲ.

ರೆಸಾರ್ಟ್ ಮತ್ತು ತೋಟದ ಮನೆಯ ಈಜುಕೊಳ

2024ರ ನವೆಂಬರ್‌ನಲ್ಲಿ ಮಂಗಳೂರಿನ ಹತ್ತಿರ ಸೋಮೇಶ್ವರ ಕಡಲತೀರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಕೊಳದ ಒಂದು ಬದಿ ಆಳವಿತ್ತು, ಕಾವಲಿಗೆ ಯಾರೂ ಇರಲಿಲ್ಲ. ಒಬ್ಬರನ್ನು ಉಳಿಸಲು ಇನ್ನೊಬ್ಬರು, ಅವರನ್ನು ಉಳಿಸಲು ಮತ್ತೊಬ್ಬರು. ಕೃಷಿ ಹೊಂಡದಲ್ಲಿ ಆಗುವುದೇ ಇಲ್ಲೂ ಆಯಿತು. ಬೇಲಿ ಮಕ್ಕಳಿಗೆ, ಆಳದ ಗುರುತು ದೊಡ್ಡವರಿಗೆ ಎಂಬುದನ್ನು ತಪಾಸಣೆ ಮರೆಯಬಾರದು. ಕೊಳದ ಅಂಚಿನಲ್ಲಿ ಆಳವನ್ನು ಅಡಿಯಲ್ಲಿ, ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು. ಆಳ ಶುರುವಾಗುವ ಗೆರೆಗೆ ತೇಲುವ ಹಗ್ಗ ಕಟ್ಟಿರಬೇಕು. ಉದ್ದನೆಯ ಗಳು, ಟ್ಯೂಬು ಕೈಗೆ ಸಿಗುವಲ್ಲಿರಬೇಕು.

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ವರ್ತೂರು ಬಳಿಯ ವಸತಿ ಸಮುಚ್ಚಯದ ಈಜುಕೊಳದ ಹತ್ತಿರ 9 ವರ್ಷದ ಬಾಲಕಿ ವಿದ್ಯುತ್ ತಗುಲಿ ಸತ್ತಳು. ಆದ್ದರಿಂದ ಪಂಪು, ನೀರೊಳಗಿನ ದೀಪಗಳ ವೈರಿಂಗನ್ನು ಅರ್ಹ ಎಲೆಕ್ಟ್ರಿಷಿಯನ್‌ನಿಂದ ನೋಡಿಸುವುದು, ಸೋರಿಕೆ ಕಂಡ ಕ್ಷಣಕ್ಕೇ ಕರೆಂಟು ಕಡಿಯುವ 30 ಮಿಲಿ ಆಂಪಿಯರ್‌ನ ಸಾಧನ ಕೂರಿಸುವುದು ಬೇಲಿಯಷ್ಟೇ ಮುಖ್ಯ.

ಕಾಡಂಚಿನ ಮನೆಗಳಲ್ಲಿ ನಾಲ್ಕನೆಯ ಗೋಡೆಯ ಸಮಸ್ಯೆಯೊಂದಿದೆ. ಹೊರಗಿನಿಂದ ಯಾರೂ, ಯಾವ ಪ್ರಾಣಿಯೂ ಬರದಂತೆ ಕಾಂಪೌಂಡು ಕಟ್ಟಿ, ಸೋಲಾರ್ ಬೇಲಿಯನ್ನೂ ಹಾಕಿರುತ್ತಾರೆ. ಆದರೆ ಮಲಗುವ ಕೋಣೆಯ ಗಾಜಿನ ಬಾಗಿಲು ತೆರೆದರೆ ನೇರ ಕೊಳ. ಆನೆಗೆ ಬೇಲಿಯಿದೆ, ಒಳಗಿರುವ ಕೂಸಿಗಿಲ್ಲ. ಕೊಳವನ್ನು ಮನೆಯಿಂದಲೂ ಬೇರ್ಪಡಿಸುವ ನಾಲ್ಕೂ ಬದಿಯ ಬೇಲಿಯೇ ಮೂರು ಬದಿಯ ಬೇಲಿಗಿಂತ ಹೆಚ್ಚು ಜೀವ ಉಳಿಸುತ್ತದೆ ಎಂಬುದು ಆಸ್ಟ್ರೇಲಿಯಾ, ಅಮೆರಿಕಗಳ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡುಬಂದ ಮಾತು.

ತಪಾಸಣೆ ಮಾಡುವುದು ಹೇಗೆ

ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಅಳತೆ ಟೇಪು, ಸುಲಿದ ತೆಂಗಿನಕಾಯಿ, ಅರ್ಧ ಗಂಟೆ ಸಮಯ ಸಾಕು. ಮೊದಲು ಬೇಲಿಯ ಹೊರಗಿನಿಂದ ಒಂದು ಸುತ್ತು, ಮಗುವಿನ ಎತ್ತರಕ್ಕೆ ಬಗ್ಗಿ. ನಿಂತು ನೋಡಿದರೆ ಕಾಣದ ಕಂಡಿಗಳು ಕೂತು ನೋಡಿದರೆ ಕಾಣುತ್ತವೆ. ಅಡಿಯ ಸಂದು, ಕಂಬಗಳ ನಡುವೆ ಜೋತ ಜಾಲರಿ, ಪೈಪಿಗೆ ಕತ್ತರಿಸಿದ ಮೂಲೆ ಇವನ್ನು ಕಾಯಿ ಹಿಡಿದು ಪರೀಕ್ಷಿಸಬೇಕು. ಬೇಲಿಗೆ ಒರಗಿಸಿದ ಡ್ರಮ್ಮು, ಗೊಬ್ಬರದ ಚೀಲ, ಕಲ್ಲುಗುಡ್ಡೆ ಸರಿಸಬೇಕು. ಗೇಟನ್ನು ಪೂರ್ತಿ ತೆರೆದು ಒಮ್ಮೆ, ಗೇಣಗಲ ತೆರೆದು ಒಮ್ಮೆ ಕೈಬಿಡಬೇಕು; ಎರಡು ಸಲವೂ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಹೆಚ್ಚಿನ ಗೇಟುಗಳು ಸೋಲುವುದು ಗೇಣಗಲದ ಪರೀಕ್ಷೆಯಲ್ಲೇ, ಮುಚ್ಚುವಷ್ಟು ವೇಗ ಅದಕ್ಕೆ ಸಿಗುವುದಿಲ್ಲ. ಸ್ಪ್ರಿಂಗ್ ಹಿಂಜು ಸಿಗದ ಕಡೆ ಗೇಟಿನ ಕೀಲನ್ನು ತುಸು ಓರೆಯಾಗಿ ಕೂರಿಸಿದರೆ, ಇಲ್ಲವೇ ಹಗ್ಗಕ್ಕೆ ಕಲ್ಲು ಕಟ್ಟಿ ರಾಟೆಯ ಮೇಲೆ ಇಳಿಬಿಟ್ಟರೆ ಗೇಟು ತನ್ನ ಭಾರಕ್ಕೆ ತಾನೇ ಮುಚ್ಚುತ್ತದೆ.

ವರ್ಷಕ್ಕೆ ಎರಡು ಸಲ ಇದಾಗಬೇಕು: ಬೇಸಿಗೆ ರಜೆಗೆ ಮುನ್ನ ಮಾರ್ಚ್‌ನಲ್ಲಿ ಒಮ್ಮೆ, ಮುಂಗಾರು ಮಣ್ಣು ಕೊಚ್ಚಿ ಹೊಂಡ ತುಂಬಿದ ಮೇಲೆ ಆಗಸ್ಟ್‌ನಲ್ಲಿ ಒಮ್ಮೆ. ಬೇಲಿ ಮುರಿದದ್ದು, ಒಡೆಯ ಕೇಳದಿರುವುದು, ಹೊಂಡ ದಾರಿಗೆ ತಾಗಿರುವುದು ಈ ಮೂರೂ ಕೂಡಿದ ಕಡೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು, ಅದರ ಪ್ರತಿಯನ್ನು 152ನೇ ಕಲಂ ಹೆಸರಿಸಿ ಹುಣಸೂರಿನ ಉಪವಿಭಾಗಾಧಿಕಾರಿಗೆ ಕಳಿಸಬಹುದು. ಸರ್ವೆ ನಂಬರು, ದಾರಿಯಿಂದ ಹೊಂಡಕ್ಕೆ ಎಷ್ಟು ಅಡಿ, ಶಾಲೆ ಅಥವಾ ಅಂಗನವಾಡಿ ಎಷ್ಟು ದೂರ ಎಂಬುದನ್ನು ಬರೆದು ಎರಡು ಫೋಟೊ ಲಗತ್ತಿಸಿದರೆ ಅರ್ಜಿಗೆ ಬಲ ಬರುತ್ತದೆ.

ಬೇಲಿ ಸೋತಾಗ

ಯಾವ ಬೇಲಿಯೂ ನೂರಕ್ಕೆ ನೂರು ಕಾಯುವುದಿಲ್ಲ. ಚಿಕ್ಕ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಜಾಗವಿದ್ದರೆ ಮುಳುಗುವ ಸಾವು ಬಹಳ ಇಳಿಯುತ್ತದೆ ಎಂಬುದನ್ನು ಬಾಂಗ್ಲಾದೇಶದ ಹಳ್ಳಿಗಳ ಅನುಭವ ತೋರಿಸಿದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಕೂಸಿನ ಮನೆಗಳು ಈ ಅರ್ಥದಲ್ಲಿ ನೀರಿನ ತಡೆಯೂ ಹೌದು. ಶುಂಠಿ, ಹೊಗೆಸೊಪ್ಪಿನ ಖಾಸಗಿ ಕೂಲಿಗೆ ಹೋಗುವವರ ಮಕ್ಕಳಿಗೂ ಅವು ತೆರೆದರೆ ಈ ಸೀಮೆಗೆ ಆಗುವ ಉಪಕಾರ ದೊಡ್ಡದು.

ಬಿದ್ದವರನ್ನು ಮೇಲೆತ್ತಿದ ಮೇಲಿನ ಮೊದಲ ನಿಮಿಷಗಳಲ್ಲಿ ಆಗುವ ತಪ್ಪುಗಳನ್ನೂ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಸಿರವಾರ ಗ್ರಾಮದಲ್ಲಿ ನೀರಲ್ಲಿ ಮುಳುಗಿದ ಬಾಲಕನ ದೇಹವನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಇಟ್ಟು ಕಾದರು, ಜೀವ ಬರುತ್ತದೆಂಬ ಸುದ್ದಿಯನ್ನು ನಂಬಿ. ಮಗುವನ್ನು ಕಳೆದುಕೊಂಡವರ ಆಸೆಯನ್ನು ದೂಷಿಸುವುದು ಬೇಡ. ಉಪ್ಪು ಉಸಿರು ತರುವುದಿಲ್ಲ ಎಂಬುದು ಮಾತ್ರ ಎಲ್ಲ ಊರಿಗೂ ತಿಳಿಯಬೇಕು. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವೂ ಕೂಡದು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರಾಟವಿಲ್ಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಸಲ ಉಸಿರು, ಹೀಗೆ 108ರ ಆಂಬುಲೆನ್ಸ್ ಬರುವವರೆಗೆ ಬಿಡದೆ. ಹೊಂಡದ ಗೇಟಿಗೆ ತೂಗುಹಾಕುವ ಫಲಕದಲ್ಲಿ ಆಳದ ಜೊತೆಗೆ ಈ ನಾಲ್ಕು ಸಾಲುಗಳಿಗೂ ಜಾಗವಿರಬೇಕು, ಹತ್ತಿರದ ಆಸ್ಪತ್ರೆಯ ಹೆಸರಿಗೂ.